ಜೆನ್ ತಗೊಳ್ಳೋದಾ, ಪಾಲಿಯೊ ತಗೊಳ್ಳೋದಾ? ಮನೆಯಲ್ಲೇ ಹಳೇ ಕಾರು ಎಬ್ಬಿಸುವವರಿಗೆ

"ಅಣ್ಣ, ಶಿರಾ ಹತ್ತಿರ ಒಂದು ತೋಟದ ಮನೆಯಲ್ಲಿ ಜೆನ್ ನಿಂತಿದೆ, ನಾಲ್ಕು ವರ್ಷದಿಂದ ಸ್ಟಾರ್ಟ್ ಮಾಡಿಲ್ಲ. ತುಮಕೂರಲ್ಲೇ ಒಂದು ಪಾಲಿಯೊ 1.6 ಇದೆ, ಅದು ಓಡ್ತಾ ಇದೆ. ಯಾವುದು ತಗೊಳ್ಳಲಿ?"

ಹೋದ ತಿಂಗಳು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಪರಿಚಯದ ಹುಡುಗನೊಬ್ಬ ಹೀಗೆ ಕೇಳಿದ. ಎರಡೂ ಕಾರಿನ ಫೋಟೊ ಫೋನಿನಲ್ಲಿತ್ತು. ಅವನ ಮನಸ್ಸೆಲ್ಲ ಪಾಲಿಯೊ ಮೇಲೆ. ನಾನು ಎರಡೇ ಪ್ರಶ್ನೆ ಕೇಳಿದೆ. ಕಾರ್ಪೆಟ್ ಎತ್ತಿ ನೋಡಿದೆಯಾ? ಆರ್‌ಸಿ ಯಾರ ಹೆಸರಲ್ಲಿದೆ? ಎರಡಕ್ಕೂ ಅವನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಹೊರಡುವ ಅವಸರದಲ್ಲಿ ಅರ್ಧ ಮಾತಾಡಿ ಬಂದೆ. ಇದೇ ಗೊಂದಲದಲ್ಲಿ ಇರುವವರು ಇನ್ನೂ ಎಷ್ಟೋ ಜನ ಇದ್ದಾರೆ. ಅದಕ್ಕೇ ಪೂರ್ತಿ ಮಾತು ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಕಾರಿನ ಹಿಂದೆ ಬೀಳುವವರು ಹುಡುಕುವುದು ಹಾಟ್ ಹ್ಯಾಚ್. ಹಾಗಂದರೆ ಏನು ಅಂತ ಮೊದಲು ಒಂದು ಮಾತು. ಮನೆಮಂದಿ ಓಡಾಡುವ ಸಣ್ಣ ಕಾರು, ಹಿಂದೆ ಮೇಲಕ್ಕೆ ತೆರೆಯುವ ಬಾಗಿಲು, ಆದರೆ ಒಳಗೆ ಅದರ ಗಾತ್ರಕ್ಕಿಂತ ಜಾಸ್ತಿ ಬಲದ ಎಂಜಿನ್. 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ಜಾತಿಗೆ ಹೆಸರು ತಂದುಕೊಟ್ಟಿತು. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ. ಆ ಕಾಲದ ಗಾಲ್ಫ್ ನಮ್ಮ ಶೋರೂಮುಗಳಿಗೆ ಬರಲೇ ಇಲ್ಲ. ನಮ್ಮ ಪಾಲಿಗೆ ಆ ಜಾಗ ತುಂಬಿದ್ದು ಮಾರುತಿ ಜೆನ್, ಫಿಯೆಟ್ ಪಾಲಿಯೊ 1.6, ಸ್ವಲ್ಪ ತಡವಾಗಿ ಬಂದ ಮೊದಲ ತಲೆಮಾರಿನ ಸ್ವಿಫ್ಟ್. ಕೆಲಸ ಕಲಿಯಲು ಮಾರುತಿ 800 ತಗೊಳ್ಳುವವರೂ ಇದ್ದಾರೆ, ಅದನ್ನೂ ಸೇರಿಸಿಕೊಂಡಿದ್ದೇನೆ.

ಯಾವುದರ ಮೇಲೆ ಅಳೆಯಬೇಕು

ಬಹಳ ಜನ ಎಂಜಿನ್ ಶಬ್ದ ಕೇಳಿ ಕಾರು ಆರಿಸುತ್ತಾರೆ. ನಾನು ಹೇಳುವುದು ಒಂದೇ ಮಾತು: ತಗಡು ನೋಡಿ ಆರಿಸಿ. ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ಲೇತ್‌ಗೆ ಕೊಡಬಹುದು, ಗುಜರಿಯಲ್ಲಿ ಇನ್ನೊಂದು ಹುಡುಕಬಹುದು. ಫ್ಲೋರ್ ತುಕ್ಕು ಹಿಡಿದು ಹೋಗಿದ್ದರೆ ಮನೆಯಲ್ಲಿ ಏನೂ ಮಾಡಲಾಗುವುದಿಲ್ಲ. ಎಲ್ಲವನ್ನೂ ಬಿಚ್ಚಿ ತಗಡು ಕೆಲಸದ ಟಿಂಕರಿಂಗ್ ಅಂಗಡಿಗೆ ಸಾಗಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಪೇಂಟ್ ಮತ್ತು ಟಿಂಕರಿಂಗ್ ಸೇರಿ ಬಜೆಟ್ಟಿನ ಅರ್ಧ ತಿಂದುಬಿಡುತ್ತದೆ.

ಈ ವಿಷಯದಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಅದೃಷ್ಟವಂತರು. ನಮ್ಮದು ಒಣ ಸೀಮೆ. ಮಂಗಳೂರು ಅಥವಾ ಮುಂಬೈಯಲ್ಲಿ ಇಪ್ಪತ್ತು ವರ್ಷ ಓಡಿದ ಕಾರಿನ ತಳ ನೋಡಿ, ಆಮೇಲೆ ಪಾವಗಡದ ಕಡೆ ಓಡಿದ ಕಾರಿನ ತಳ ನೋಡಿ. ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಆದರೆ ತೋಟದಲ್ಲಿ ನಿಂತ ಕಾರಿಗೆ ಬೇರೆ ತೊಂದರೆ. ಬಾನೆಟ್ ಮತ್ತು ಮುಂದಿನ ಗಾಜಿನ ನಡುವಿನ ಸಂದಿಯಲ್ಲಿ ಎಲೆ, ತೆಂಗಿನ ಹೂವು ಬಿದ್ದು ಕೊಳೆಯುತ್ತದೆ. ನೀರು ಹೋಗುವ ತೂತು ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ತುಕ್ಕು ಒಳಗಿಳಿದು ಕಾಲಿಡುವ ಜಾಗಕ್ಕೆ ಬರುತ್ತದೆ. ಇಲಿ ವೈರ್ ಕಡಿದಿರುತ್ತದೆ.

ಹಾಗಾಗಿ ಕಾರು ನೋಡಲು ಹೋಗುವಾಗ ತೆಳು ಬಟ್ಟೆ ಸುತ್ತಿದ ಒಂದು ಆಯಸ್ಕಾಂತ ಜೇಬಿನಲ್ಲಿರಲಿ. ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳಗಿನ ಅಂಚು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪಟ್ಟಿ, ಇಷ್ಟರ ಮೇಲೂ ಓಡಿಸಿ ನೋಡಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತಗಡಿನ ಮೇಲೋ ತಗಡಿನ ಬದಲೋ ದಪ್ಪ ಪುಟ್ಟಿ ಇದೆ. ನಾನು ಮೊದಲು ತಗೊಂಡ ಜೆನ್‌ನಲ್ಲಿ ಇದನ್ನು ಮಾಡಲಿಲ್ಲ. ಬಣ್ಣ ಫಳಫಳ ಹೊಳೆಯುತ್ತಿತ್ತು. ಆರು ತಿಂಗಳಿಗೆ ಹಿಂದಿನ ಚಕ್ರದ ಮೇಲೆ ಬಣ್ಣ ಗುಳ್ಳೆ ಎದ್ದಿತು. ಉಗುರಲ್ಲಿ ಕೆರೆದರೆ ಬೆರಳು ದಪ್ಪದ ಪುಟ್ಟಿ ಚಕ್ಕೆ ಕೈಗೆ ಬಂತು, ಅದರ ಹಿಂದೆ ಬರೀ ತೂತು. ಮಾರುವ ಮುಂಚೆ ಯಾವುದೋ ಅಂಗಡಿಯಲ್ಲಿ ಮುಚ್ಚಿಸಿದ್ದರು. ಆ ದುಃಖ ಇನ್ನೂ ಮರೆತಿಲ್ಲ.

ಎರಡನೆಯದು ಬಿಡಿಭಾಗ. ತುಮಕೂರಿನಿಂದ ಬೆಂಗಳೂರಿನ ಜೆ.ಸಿ. ರಸ್ತೆಗೆ ಎಪ್ಪತ್ತು ಕಿಲೋಮೀಟರ್. ಹಳೇ ಮಾಲಿಗೆ ಶಿವಾಜಿನಗರದ ಗುಜರಿ ಇದೆ. ಒಂದು ರಬ್ಬರ್ ಬುಷ್‌ಗಾಗಿ ಮೂರು ಸಲ ಹೋಗಿಬಂದರೆ ಬುಷ್‌ಗಿಂತ ಪೆಟ್ರೋಲಿಗೇ ಜಾಸ್ತಿ ಖರ್ಚು. ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳಲ್ಲೇ ಎಷ್ಟು ಸಾಮಾನು ಸಿಗುತ್ತದೆ ಅನ್ನುವುದು ಮನೆಯಲ್ಲಿ ಕೆಲಸ ಮಾಡುವವರಿಗೆ ಬಹಳ ಮುಖ್ಯ.

ಮೂರನೆಯದು ಕಾಗದ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಓ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದಕ್ಕೆ ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ಮಾಡಿದರು. ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಬೇರೆ. ವಿಂಟೇಜ್ ಅಂತ ರಿಯಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ, ಆ ನಿಯಮ 50 ವರ್ಷ ದಾಟಿದ ವಾಹನಗಳಿಗೆ ಮಾತ್ರ. ಆರ್‌ಸಿಯಲ್ಲಿ ಹಳೇ ಸಾಲದ ಬ್ಯಾಂಕಿನ ಹೆಸರು ಇನ್ನೂ ಉಳಿದಿದೆಯಾ ನೋಡಿ. ಇದ್ದರೆ ಬ್ಯಾಂಕಿನಿಂದ ಎನ್‌ಓಸಿ ತಂದುಕೊಡುವುದು ಮಾರುವವರ ಕೆಲಸ. ಅದು ಕೈಗೆ ಬಂದ ಮೇಲೆ ದುಡ್ಡು ಕೊಡಿ. ಚಾಸಿಸ್ ನಂಬರ್ ಆರ್‌ಸಿಗೆ ಹೊಂದಬೇಕು. ಮಾರುತಿಗಳಲ್ಲಿ ಅದು ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ ಇರುತ್ತದೆ, ಅಲ್ಲೇ ತುಕ್ಕು ಬಂದು ಅಂಕೆ ಅಳಿಸಿದ್ದರೆ ಆ ಕಾರನ್ನು ಮುಟ್ಟಬೇಡಿ. ಹೊರರಾಜ್ಯದ ಕಾರು ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಇಲ್ಲಿಗೆ ತಂದ ಮೇಲೆ ತೆರಿಗೆ ಕಟ್ಟಿ ನಂಬರ್ ಬದಲಾಯಿಸಬೇಕು. ಕೆಎ-06, ಕೆಎ-07, ಕೆಎ-40 ನಂಬರಿನ ಕಾರು ಹತ್ತು ಸಾವಿರ ಜಾಸ್ತಿಯಾದರೂ ಪರವಾಗಿಲ್ಲ.

ನಾಲ್ಕನೆಯದು ಜಾಗ. ನಮ್ಮ ಕಡೆ ಮನೆಗಳಲ್ಲಿ ಗ್ಯಾರೇಜ್ ಅಂದರೆ ಗೇಟಿನ ಒಳಗಿನ ಪೋರ್ಟಿಕೊ, ಅಲ್ವಾ? ಅದರ ಕೆಳಗೇ ನೀರಿನ ಸಂಪು ಇರುತ್ತದೆ. ಈ ಒಂದು ವಿಷಯಕ್ಕೆ ದಯವಿಟ್ಟು ಗಮನ ಕೊಡಿ. ಕಾರಿನ ಭಾರ ನಾಲ್ಕು ಚಕ್ರದ ಮೇಲೆ ಹರಡಿದ್ದಾಗ ತಡೆಯುವ ಚಪ್ಪಡಿ, ಜಾಕ್ ಸ್ಟ್ಯಾಂಡಿನ ಅಂಗೈಯಗಲದ ಕಾಲಿನ ಮೇಲೆ ಅಷ್ಟೂ ಭಾರ ಬಿದ್ದಾಗ ಬಿರುಕು ಬಿಡಬಹುದು. ಪೆಟ್ರೋಲ್, ಥಿನ್ನರ್, ಹಳೇ ಆಯಿಲ್ ಸಂಪಿನ ಮುಚ್ಚಳದ ಸಂದಿಯಿಂದ ಕುಡಿಯುವ ನೀರಿಗೆ ಇಳಿಯುತ್ತದೆ. ಸಂಪು ಇದ್ದರೆ ಅದರ ಮೇಲೆ ಜಾಕ್ ಇಡಬೇಡಿ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ. ಜಾಗ ಇಲ್ಲದಿದ್ದರೆ ಹಿತ್ತಲಲ್ಲಿ ತಗಡಿನ ಶೆಡ್ ಹಾಕಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ಮಲಗಬೇಡಿ.

ಕೊನೆಯದು, ಕಾರು ಎದ್ದ ಮೇಲೆ ಅದರಲ್ಲಿ ಏನು ಮಾಡುತ್ತೀರಿ ಅನ್ನುವುದು. ದೇವರಾಯನದುರ್ಗದ ತಿರುವುಗಳಲ್ಲಿ ಭಾನುವಾರ ಬೆಳಿಗ್ಗೆ ಓಡಿಸೋಕಾ? ಬೆಂಗಳೂರಿಗೆ ವಾರಕ್ಕೆರಡು ಸಲ ಹೋಗೋಕಾ? ಇದರ ಉತ್ತರ ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಮಾರುತಿ ಜೆನ್

1993ರಲ್ಲಿ ಬಂತು. 993 ಸಿಸಿ, ನಾಲ್ಕು ಸಿಲಿಂಡರ್, ಪೂರ್ತಿ ಅಲ್ಯೂಮಿನಿಯಂ ಎಂಜಿನ್, 50 ಅಶ್ವಶಕ್ತಿ. ಅಂಕಿ ನೋಡಿದರೆ ಕಮ್ಮಿ ಅನಿಸುತ್ತದೆ. ಆದರೆ ಕಾರೇ ಹಗುರ, ನೆಲಕ್ಕೆ ತಗ್ಗಾಗಿ ಕೂತಿದೆ, ಗೇರ್ ಬೆಣ್ಣೆಯ ಹಾಗೆ ಬೀಳುತ್ತದೆ. ಆಮೇಲೆ ಬಂದ 16 ವಾಲ್ವ್ ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ 60 ಅಶ್ವಶಕ್ತಿಯದು. ಯುರೋಪಿಗೆ ಇದೇ ಕಾರು ಸುಜುಕಿ ಆಲ್ಟೊ ಹೆಸರಿನಲ್ಲಿ ಇಲ್ಲಿಂದಲೇ ಹೋಯಿತು. ಉದ್ದ ಮೂರೂವರೆ ಮೀಟರ್, ಅಗಲ ಒಂದೂವರೆ. 30x40 ಸೈಟಿನ ಪೋರ್ಟಿಕೊದಲ್ಲಿ ನಿಲ್ಲಿಸಿದರೂ ಎರಡೂ ಬಾಗಿಲು ತೆರೆದು ಕೆಲಸ ಮಾಡಬಹುದು.

ಮನೆಯಲ್ಲಿ ಕೆಲಸ ಮಾಡಲು ಇದಕ್ಕಿಂತ ಒಳ್ಳೆಯ ಕಾರು ನನಗೆ ಸಿಕ್ಕಿಲ್ಲ. ಬಾನೆಟ್ ತೆರೆದರೆ ಎಲ್ಲವೂ ಕೈಗೆ ಸಿಗುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಹಳೇ ಕಾರ್ಬೊರೇಟರ್ ಇರುವ ಮಾಡೆಲ್ ಆದರೆ ದೋಷ ಓದುವ ಸ್ಕ್ಯಾನರ್ ಕೂಡ ಬೇಕಿಲ್ಲ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಗ್ಯಾಸ್ಕೆಟ್ (ಎಂಜಿನ್ ಭಾಗಗಳ ನಡುವೆ ಸೋರದಂತೆ ಕೂರುವ ಹಾಳೆ) ಸೆಟ್ಟಿಗೆ ಬೆಂಗಳೂರಿಗೆ ಓಡಬೇಕಿಲ್ಲ. ಹೊರಗಿನ ಲೈಟು, ಒಳಗಿನ ಪ್ಲಾಸ್ಟಿಕ್, ಡ್ಯಾಶ್‌ಬೋರ್ಡಿನ ಸಣ್ಣಪುಟ್ಟ ಭಾಗ ಮಾತ್ರ ಗುಜರಿಯಲ್ಲಿ ಹುಡುಕಬೇಕು.

ಜೆನ್ ನೋಡುವಾಗ ಬಾಡಿ ಆದ ಮೇಲೆ ರೇಡಿಯೇಟರ್ ನೋಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಬೋರ್‌ವೆಲ್ ನೀರು ಎಂಥದ್ದು ಅಂತ ನಿಮಗೆ ಗೊತ್ತು. ಸ್ಟೀಲ್ ಪಾತ್ರೆಯಲ್ಲಿ ನಾಲ್ಕು ದಿನ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಎಷ್ಟೋ ಜನ ಕೂಲೆಂಟ್ ಹಾಕದೆ ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರ್‌ಗೆ ಸುರಿದಿದ್ದಾರೆ. ನನ್ನ ಎರಡನೇ ಜೆನ್‌ನ ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳದಂಥ ಭಾಗ) ಎತ್ತಿದಾಗ ಥರ್ಮೋಸ್ಟಾಟ್ ಕೂರುವ ಜಾಗದಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಹೆಡ್ಡಿನಲ್ಲಿ ನೀರು ಹರಿಯುವ ತೂತುಗಳ ಅಂಚು ದುಂಡಗೆ ಇರಬೇಕು. ಅಲ್ಲಿ ಇಲಿ ಕಡಿದ ಕೊಬ್ಬರಿ ಹೋಳಿನ ಹಾಗೆ ಅಂಕುಡೊಂಕಾಗಿತ್ತು. ಒಂದು ಕಡೆ ಆ ಸವಕಳಿ ಗ್ಯಾಸ್ಕೆಟ್ಟಿನ ಉಂಗುರದವರೆಗೆ ಬಂದಿತ್ತು. ಇನ್ನೊಂದು ಕೂದಲೆಳೆ ದಾಟಿದ್ದರೆ ನೀರು ಸಿಲಿಂಡರ್ ಒಳಗೆ ಹೋಗುತ್ತಿತ್ತು. ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಿ, ಲೇತ್‌ನಲ್ಲಿ ಮಟ್ಟ ಮಾಡಿಸಿ ಉಳಿಸಿಕೊಂಡೆ. ಅದಕ್ಕೇ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಹಸಿರು ಅಥವಾ ಬೇರೆ ಬಣ್ಣದ ಕೂಲೆಂಟ್ ಕಂಡರೆ ಸಮಾಧಾನ. ಕೆಂಪು ಕೆಸರು ನೀರೋ ಬಿಳಿ ಹರಳೋ ಕಂಡರೆ ಹೆಡ್ ಕೆಲಸದ ದುಡ್ಡನ್ನು ಬೆಲೆಯಿಂದ ಕಳೆಯಿರಿ. ನೀವು ತಗೊಂಡ ಮೇಲೆ ಡಿಸ್ಟಿಲ್ಡ್ ವಾಟರ್ ಜೊತೆ ಕೂಲೆಂಟ್ ಬೆರೆಸಿ ಹಾಕಿ, ಬೇರೆ ಏನೂ ಬೇಡ.

2003ರಲ್ಲಿ ಬಂದ ಮೂರು ಬಾಗಿಲಿನ ಜೆನ್ ಕಾರ್ಬನ್, ಜೆನ್ ಸ್ಟೀಲ್ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಕಪ್ಪು ಬಣ್ಣದ ಕಾರ್ಬನ್ ಈಗಲೂ ರಸ್ತೆಯಲ್ಲಿ ಕಂಡರೆ ನಾನು ನಿಂತು ನೋಡುತ್ತೇನೆ. ಆದರೆ ಅದರ ಉದ್ದನೆಯ ಬಾಗಿಲು, ಹಿಂದಿನ ಪಕ್ಕದ ಗಾಜು ಬೇರೆ ಜೆನ್‌ಗೆ ಹೊಂದುವುದಿಲ್ಲ. ಆ ಗಾಜು ಒಡೆದರೆ ಇನ್ನೊಂದು ಸಿಗುವುದು ಕಷ್ಟ. ಬಾಡಿ, ಗಾಜು ಎಲ್ಲ ಪೂರ್ತಿ ಇದ್ದರೆ ಮಾತ್ರ ತಗೊಳ್ಳಿ.

ಜೆನ್ ಎಂಜಿನ್ನೂ ಮಾರುತಿಯದೇ ಎಸ್ಟೀಮ್ ಕಾರಿನ ಎಂಜಿನ್ನೂ ಒಂದೇ ಕುಟುಂಬದವು. ಅದಕ್ಕೇ ಎಸ್ಟೀಮ್‌ನ 1.3 ಎಂಜಿನ್ ಕೂರಿಸುವವರು ಬಹಳ ಇದ್ದಾರೆ. ಓಟ ಬೇರೆಯೇ ಮಟ್ಟದ್ದು, ಒಪ್ಪುತ್ತೇನೆ. ಆದರೆ ಎಂಜಿನ್ ಬದಲಾಯಿಸಲು ಆರ್‌ಟಿಓ ಒಪ್ಪಿಗೆ ಮೊದಲೇ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ಹಾಗೆ ಮಾಡದಿದ್ದರೆ ನವೀಕರಣದ ದಿನ ಸಿಕ್ಕಿಬೀಳುತ್ತೀರಿ, ಅಪಘಾತವಾದರೆ ವಿಮೆಯವರೂ ಕೈ ಎತ್ತಬಹುದು.

ಫಿಯೆಟ್ ಪಾಲಿಯೊ 1.6

2001ರಲ್ಲಿ ಪಾಲಿಯೊ ಬಂದಾಗ ಜಿಟಿಎಕ್ಸ್ ಅನ್ನುವ ಮಾಡೆಲ್‌ನಲ್ಲಿ 1.6 ಲೀಟರ್, 16 ವಾಲ್ವ್, 100 ಅಶ್ವಶಕ್ತಿಯ ಎಂಜಿನ್ ಇತ್ತು. ಸಣ್ಣ ಕಾರುಗಳು 50, 60 ಅಶ್ವಶಕ್ತಿಯಲ್ಲಿ ಓಡುತ್ತಿದ್ದ ಕಾಲ ಅದು. ಸಚಿನ್ ತೆಂಡೂಲ್ಕರ್ ಹೆಸರಿನ ಎಸ್10 ಮಾಡೆಲ್ಲೂ ಬಂತು. ನಿಜವಾದ ಹಾಟ್ ಹ್ಯಾಚ್ ಬೇಕು ಅಂದರೆ ಈ ಪಟ್ಟಿಯಲ್ಲಿ ಇದೊಂದೇ. ಬಾಗಿಲು ಹಾಕಿದರೆ ಧಡ್ ಅಂತ ಗಟ್ಟಿ ಸದ್ದು. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದುಹೋದರೂ ಅಲ್ಲಾಡುವುದಿಲ್ಲ. ದಾಬಸ್‌ಪೇಟೆ ದಾಟಿ ಬೆಂಗಳೂರಿನ ಕಡೆ ಹೋಗುವಾಗ ಇದರ ನೆಮ್ಮದಿ ಜೆನ್‌ಗೆ ಬರುವುದಿಲ್ಲ.

ತೊಂದರೆ ಬಿಡಿಭಾಗದ್ದು. ಸಸ್ಪೆನ್ಷನ್, ಬ್ರೇಕ್ ಸಾಮಾನು ಬಹುತೇಕ ಸಿಗುತ್ತದೆ. 1.6 ಎಂಜಿನ್ನಿಗೇ ಸೇರಿದ ಭಾಗ, ಸೆನ್ಸರ್, ಲೈಟು, ಒಳಗಿನ ಸ್ವಿಚ್ಚು ಸಿಗಬೇಕಾದರೆ ಫಿಯೆಟ್ ಹುಚ್ಚು ಇರುವವರ ಪರಿಚಯ ಬೇಕು, ಕಾಯುವ ತಾಳ್ಮೆಯೂ ಬೇಕು. ತುಮಕೂರಿನಲ್ಲಿ ಈ ಎಂಜಿನ್ ಬಿಚ್ಚಿ ಅಭ್ಯಾಸ ಇರುವ ಮೆಕ್ಯಾನಿಕ್ ಬೆರಳೆಣಿಕೆ. ಪಿಸ್ಟನ್, ವಾಲ್ವ್ ಎರಡನ್ನೂ ಒಂದೇ ಲಯದಲ್ಲಿ ಇಡುವ ಟೈಮಿಂಗ್ ಬೆಲ್ಟ್ ತುಂಡಾದರೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ, ಎಂಜಿನ್ ಕೆಲಸ ಮೊದಲಿಂದ ಶುರು. ಹಿಂದಿನ ಯಜಮಾನರು ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಬಿಲ್ಲು ತೋರಿಸದಿದ್ದರೆ ಮನೆಗೆ ಓಡಿಸಿಕೊಂಡು ಬರಬೇಡಿ. ಟೋ ಮಾಡಿಸಿ ತಂದು, ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೇ ಬದಲಾಯಿಸಿ, ಆಮೇಲೆ ಕೀ ತಿರುಗಿಸಿ. "ಓಡ್ತಾ ಇದೆ" ಅನ್ನುವ ಮಾತು ನನಗೆ ಧೈರ್ಯ ಕೊಡದೇ ಇರುವುದು ಇದಕ್ಕೇ.

ಪೆಟ್ರೋಲ್ ಚೆನ್ನಾಗಿ ಕುಡಿಯುತ್ತದೆ, ಅದೂ ನೆನಪಿರಲಿ. ಮನೆಯಲ್ಲಿ ದಿನಬಳಕೆಗೆ ಇನ್ನೊಂದು ಕಾರು ಇದ್ದು, ಮೂರು ನಾಲ್ಕು ಲಕ್ಷ ನಿಧಾನವಾಗಿ ಖರ್ಚು ಮಾಡಲು ಸಾಧ್ಯ ಇರುವವರಿಗೆ ಪಾಲಿಯೊ. ಅಂಥವರು ಕಣ್ಮುಚ್ಚಿ ಇದನ್ನೇ ತಗೊಳ್ಳಿ ಅನ್ನುತ್ತೇನೆ, ಬಾಡಿ ಒಳ್ಳೆಯದಿದ್ದರೆ. ಸಾಧ್ಯವಾದರೆ ಕೆಟ್ಟು ನಿಂತ ಇನ್ನೊಂದು ಪಾಲಿಯೊ ಅಗ್ಗಕ್ಕೆ ತಂದು ಶೆಡ್ಡಿನ ಹಿಂದೆ ಇಟ್ಟುಕೊಳ್ಳಿ. ಅರ್ಧ ತಲೆನೋವು ಅಲ್ಲೇ ತೀರುತ್ತದೆ.

ಸ್ವಿಫ್ಟ್, 800, ಮತ್ತೆ ಉಳಿದವು

2005ರ ಸ್ವಿಫ್ಟ್‌ನಲ್ಲಿ 1.3 ಲೀಟರ್, 87 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ತಿರುವುಗಳಲ್ಲಿ ಬಹಳ ಚೆನ್ನಾಗಿ ಹಿಡಿದು ಹೋಗುತ್ತದೆ. ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ, ಯಾವ ಮೆಕ್ಯಾನಿಕ್‌ಗಾದರೂ ಗೊತ್ತು. ಒಂದೇ ಕಾರು ಇರುವವರು, ಅದರಲ್ಲೇ ಆಫೀಸಿಗೂ ಹೋಗಬೇಕಾದವರು ಇದನ್ನು ತಗೊಳ್ಳಿ. ರಿಸ್ಟೋರೇಷನ್ ಅನ್ನುವುದಕ್ಕಿಂತ ಚೆನ್ನಾಗಿ ಸರ್ವಿಸ್ ಮಾಡಿ ಬುಷ್, ಶಾಕ್ ಅಬ್ಸಾರ್ಬರ್ ಬದಲಾಯಿಸಿದರೆ ಮುಗಿಯಿತು. ಹಳೇ ಕಾರಿನ ವಾಸನೆ, ಆ ಸಂತೋಷ ಮಾತ್ರ ಕಮ್ಮಿ.

ಮಾರುತಿ 800 ಹಾಟ್ ಹ್ಯಾಚ್ ಅಲ್ಲ. ಆದರೆ ಪಾನಾ ಹಿಡಿದು ಅಭ್ಯಾಸವೇ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. 796 ಸಿಸಿ, ಮೂರು ಸಿಲಿಂಡರ್. ಭಾರ ಎತ್ತುವ ಚೈನ್ ಬ್ಲಾಕ್ ಇದ್ದರೆ ಇಬ್ಬರು ಸೇರಿ ಎಂಜಿನ್ ಇಳಿಸಬಹುದು. 1983ರಿಂದ 2014ರವರೆಗೆ ತಯಾರಾದ ಕಾರು, ಸಾಮಾನಿಗೆ ಬರವಿಲ್ಲ. ಒಂದು ಲಕ್ಷದ ಒಳಗೆ ಕಾರು ಮತ್ತು ಕೆಲಸ ಎರಡೂ ಮುಗಿಸಬೇಕು ಅಂದರೆ ಇದೊಂದೇ ದಾರಿ. ಬ್ಯಾಟರಿ ಕೆಳಗಿನ ತಗಡು, ಮುಂದಿನ ಫ್ಲೋರ್ ನೋಡಿ ತಗೊಳ್ಳಿ.

ಹ್ಯುಂಡೈ ಗೆಟ್ಜ್ ಡೀಸೆಲ್ 110 ಅಶ್ವಶಕ್ತಿಯದು, ಎಳೆತ ಜೋರು. ಆದರೆ ಅದರ ಇಂಜೆಕ್ಟರ್, ಪಂಪ್ ಕೆಲಸ ಮನೆಯಲ್ಲಿ ಆಗುವುದಲ್ಲ. ಈ ಪಟ್ಟಿಗೆ ಸೇರಿಸಲಿಲ್ಲ.

ಯಾವುದು ತಗೊಂಡರೂ ಇರುವ ಖರ್ಚು

ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಈ ಕಾರುಗಳು ತಯಾರಾದ ಕಾಲದಲ್ಲಿ ಅದು ಇರಲಿಲ್ಲ. ಹಳೇ ರಬ್ಬರ್ ಪೈಪು, ಕಾರ್ಬೊರೇಟರ್ ಒಳಗಿನ ಸೀಲು ಅದಕ್ಕೆ ಉಬ್ಬಿ ಬಿರುಕು ಬಿಡುತ್ತವೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಿಂತ ಕಾರಿನ ಟ್ಯಾಂಕ್ ಒಳಗೆ ತುಕ್ಕು ಬರುತ್ತದೆ. ಹಾಗಾಗಿ ಟ್ಯಾಂಕ್ ಇಳಿಸಿ ತೊಳೆದು, ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವಂಥವಕ್ಕೆ ಬದಲಾಯಿಸುವುದು ಮೊದಲ ವಾರದ ಕೆಲಸ. ಕಾರಿಗೆ ಬೆಂಕಿ ಬೀಳಲು ಒಂದು ಹಳೇ ಪೈಪು ಸಾಕು. ಬ್ರೇಕ್ ಹೋಸ್, ಸೀಟ್ ಬೆಲ್ಟ್ ಕೂಡ ಇದೇ ಸಾಲಿಗೆ ಸೇರಲಿ, ಮ್ಯೂಸಿಕ್ ಸಿಸ್ಟಮ್‌ಗೆ ಮೊದಲು.

ಪೇಂಟ್ ಮಾತ್ರ ಮನೆಯಲ್ಲಿ ಬೇಡ. ಆಷಾಢದ ಗಾಳಿಯಲ್ಲಿ ನಮ್ಮೂರ ಧೂಳು ಹಸಿ ಬಣ್ಣದ ಮೇಲೆ ಕೂತರೆ ತೆಗೆಯಲಾಗುವುದಿಲ್ಲ. ಕಾರಿಗೆ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣದ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ. ಬಿಚ್ಚುವುದು, ತುಕ್ಕು ಕೆರೆಯುವುದು, ಪ್ರೈಮರ್‌ವರೆಗೆ ನೀವು ಮಾಡಿ. ಬಣ್ಣಕ್ಕೆ ಮುಚ್ಚಿದ ಪೇಂಟ್ ಬೂತ್ ಇರುವ ಅಂಗಡಿಗೆ ಕೊಡಿ. ಪುಟ್ಟಿ ಬಳಿಯುವ ಮುಂಚೆ ತಗಡಿನ ಫೋಟೊ ತೆಗೆದು ಕಳಿಸಿ ಅಂತ ಮೊದಲೇ ಮಾತಾಡಿಕೊಳ್ಳಿ.

ಆಯುಧ ಪೂಜೆಗೆ ಕಾರು ರೆಡಿ ಆಗಬೇಕು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಭಾನುವಾರ ಮಾತ್ರ ಕೆಲಸ ಮಾಡುವವರಿಗೆ ಜೆನ್‌ಗೆ ಒಂದು ವರ್ಷ ಬೇಕು, ಪಾಲಿಯೊಗೆ ಎರಡು. ದುಡ್ಡು ಎರಡು ಲಕ್ಷದ ಆಸುಪಾಸು ಇದ್ದು, ಕೆಲಸ ಮನೆಯಲ್ಲೇ ಆಗಬೇಕು, ಓಡಿಸಲು ಗಮ್ಮತ್ತು ಬೇಕು ಅನ್ನುವವರಿಗೆ ನನ್ನ ಉತ್ತರ ಜೆನ್. ಕಾರ್ಬೊರೇಟರ್ ಹೊಂದಿಸುವ ಆಸೆ ಇದ್ದರೆ ಹಳೆಯದು, ಇಲ್ಲದಿದ್ದರೆ ಎಂಪಿಎಫ್‌ಐ.

ಆ ಹುಡುಗನ ವಿಷಯಕ್ಕೆ ಬಂದರೆ, ಅವನ ಪಾಲಿಯೊ ಮೂರನೇ ಯಜಮಾನರ ಕೈಯಲ್ಲಿದೆ, ಆರ್‌ಸಿ ಇನ್ನೂ ಮೊದಲನೆಯವರ ಹೆಸರಲ್ಲೇ ಇದೆ ಅಂತ ಮೊನ್ನೆ ಫೋನ್ ಮಾಡಿ ಹೇಳಿದ. ಜೆನ್ ಕಾಗದ ಸರಿಯಿದೆಯಂತೆ, ತೋಟದ ಯಜಮಾನರ ತಂದೆಯ ಹೆಸರಲ್ಲಿದೆ, ಅವರೂ ಇದ್ದಾರೆ. ಬರುವ ಭಾನುವಾರ ಇಬ್ಬರೂ ಶಿರಾಕ್ಕೆ ಹೋಗುತ್ತಿದ್ದೇವೆ. ಟಾರ್ಚು, ಆಯಸ್ಕಾಂತ, ಕಾರ್ಪೆಟ್ ಎತ್ತಲು ಸ್ಕ್ರೂ ಡ್ರೈವರ್ ತರಲು ಅವನಿಗೆ ಹೇಳಿದ್ದೇನೆ.